ಚೀಲಕ್ಕೆ ಹಾಕಿಕೊಂಡು ಹೋಗುವ ಮುಕ್ಕಾಲಿ ಒಲೆ: ನೀವೇ ವೆಲ್ಡ್ ಮಾಡಿಕೊಳ್ಳಿ

ಮೂರು ಕಲ್ಲಿಟ್ಟು ಅನ್ನ ಬೇಯಿಸೋದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನೂ ಬಹಳ ವರ್ಷ ಹಾಗೇ ಮಾಡಿದೆ. ಒಂದು ಸಲ ಹೊಳೆಯೊಳಗಿಂದಲೇ ಎತ್ತಿ ತಂದ ನುಣ್ಣನೆಯ ಕಲ್ಲು, ಬೆಂಕಿ ಏರಿ ಹತ್ತು ನಿಮಿಷ ಆಗಿರಲಿಲ್ಲ, ಪಟಾರನೆ ಸಿಡಿಯಿತು. ಚೂರು ಹಾರಿ ನನ್ನ ಜೊತೆ ಬಂದಿದ್ದ ಹುಡುಗನ ಮೊಣಕೈಗೆ ಬಡಿಯಿತು. ಅವನು ಬಗ್ಗಿ ಒಲೆ ಊದುತ್ತಿದ್ದರೆ ಅದೇ ಚೂರು ಕಣ್ಣಿಗೆ ಬೀಳುತ್ತಿತ್ತು. ನೀರಲ್ಲಿ ನೆನೆದ ಕಲ್ಲಿನ ಸಂದುಗಳಲ್ಲಿ ನೀರು ಕೂತಿರುತ್ತೆ. ಅದು ಆವಿಯಾಗಿ ಉಬ್ಬಿದಾಗ ಹೊರಗೆ ಬರಲು ದಾರಿ ಸಿಗದಿದ್ದರೆ ಕಲ್ಲನ್ನೇ ಒಡೆಯುತ್ತೆ. ಅವತ್ತು ರಾತ್ರಿ ಮನೆಗೆ ಬಂದವನೇ ಈ ಒಲೆಯ ಚಿತ್ರ ಬರೆದೆ.

ನಾನು ಮಲೆನಾಡಿನ ಒಂದು ಐಟಿಐಯಲ್ಲಿ 22 ವರ್ಷದಿಂದ ವೆಲ್ಡರ್ ಟ್ರೇಡ್ ಕಲಿಸುತ್ತಿದ್ದೇನೆ. ಒಂದು ವರ್ಷದ ಕೋರ್ಸು. ವಾರವೆಲ್ಲ ವರ್ಕ್‌ಶಾಪಿನ ಹೊಗೆ, ಭಾನುವಾರ ಬಂದರೆ ಹೊಳೆ, ಗುಡ್ಡ, ಕಾಡಿನ ದಾರಿ. ವರ್ಷಕ್ಕೊಮ್ಮೆ ಬ್ಯಾಚಿನ ಮಕ್ಕಳನ್ನೂ ಕರೆದುಕೊಂಡು ಕೊಡಚಾದ್ರಿಗೆ ಹೋಗುತ್ತೇನೆ. ಬೆಟ್ಟ 1343 ಮೀಟರ್ ಎತ್ತರ. ಸೂರ್ಯಾಸ್ತ ನೋಡೋಕೆ ಅಂತ ಎಲ್ಲರೂ ಮೇಲೆ ಓಡುತ್ತಾರೆ. ನಾನು ಮೊದಲು ಮೂಲಸ್ಥಾನದ ಗುಡಿಯ ಎದುರಿನ ಕಬ್ಬಿಣದ ಕಂಬದ ಹತ್ತಿರ ನಿಲ್ಲಿಸುತ್ತೇನೆ. ವೆಲ್ಡಿಂಗ್ ಮಷೀನು ಇಲ್ಲದ ಕಾಲದಲ್ಲಿ ಕಾಯಿಸಿ ಬಡಿದು ಮಾಡಿದ ಕಂಬ ಅದು. ಅಷ್ಟು ಮಳೆ ಹೊಡೆತಕ್ಕೂ ನೆಟ್ಟಗೆ ನಿಂತಿದೆ. ವೆಲ್ಡಿಂಗ್ ಕಲಿಯುವವರು ಅದರ ಎದುರು ಒಂದೈದು ನಿಮಿಷ ಸುಮ್ನೆ ನಿಲ್ಲಬೇಕು ಅನ್ನೋದು ನನ್ನ ಆಸೆ.

ಒಲೆಗೆ ಬರೋಣ. ಇದು ಒಂದು ಬಳೆ, ಬಳೆಯ ಕೆಳಗೆ ಮೂರು ಗಿಡ್ಡ ಕೊಳವೆ, ಕೊಳವೆಗೆ ಸಿಕ್ಕಿಸುವ ಕಾಲುಗಳು, ಚಿಕ್ಕ ಪಾತ್ರೆ ಕೂರಲು ಬಳೆಯೊಳಕ್ಕೆ ಚಾಚಿದ ಮೂರು ನಾಲಿಗೆ. ಇಷ್ಟೇ. ಕಾಲು ಕಿತ್ತರೆ ಎಲ್ಲವೂ ಒಂದು ಗೋಣಿಚೀಲದಲ್ಲಿ ಕೂರುತ್ತೆ. ನನ್ನ ಮೊದಲನೇ ಒಲೆಯಲ್ಲಿ ಕೊಳವೆ ಬದಲು ನಟ್ಟು ವೆಲ್ಡ್ ಮಾಡಿ, ಕಾಲಿಗೆ ಬೋಲ್ಟಿಗಿರುವಂಥ ಮರೆ (ಥ್ರೆಡ್) ಹಾಕಿ ತಿರುಗಿಸುವ ಹಾಗೆ ಮಾಡಿದ್ದೆ. ಮೂರನೇ ಸಲಕ್ಕೆ ಮಸಿಯೂ ತುಕ್ಕೂ ಸೇರಿ ಮರೆ ಬಿಗಿದುಕೊಂಡಿತು. ಬೆಂಕಿ ಹತ್ತಿರ ಇರುವ ಯಾವ ಸಾಮಾನಿಗೂ ಮರೆ ಬೇಡ. ಸಡಿಲವಾಗಿ ಸಿಕ್ಕಿಸೋದೇ ಸರಿ.

ಕಬ್ಬಿಣದಂಗಡಿಯಲ್ಲಿ ಕೇಳಬೇಕಾದ್ದು

10 ಎಂಎಂ ಪ್ಲೇನ್ ರೌಂಡ್ ಸರಳು ಒಂದೂಕಾಲು ಮೀಟರ್. ಬಳೆಗೂ ನಾಲಿಗೆಗೂ ಇದೇ. 12 ಎಂಎಂ ರೌಂಡ್ ಸರಳು ಒಂದು ಮೀಟರ್, ಕಾಲಿಗೆ. ಅರ್ಧ ಇಂಚಿನ ಕಪ್ಪು ಪೈಪು 15 ಸೆಂ.ಮೀ. ಮನೆ ಕಟ್ಟುವ ಟಿಎಂಟಿ ಸರಳಿನ ತುಂಡು ಬಿದ್ದಿದೆ ಅಂತ ಅದನ್ನೇ ಹಾಕಬೇಡಿ. ಅದರ ಏಣುಗಳು ಕೊಳವೆಯೊಳಗೆ ಸಿಕ್ಕಿಕೊಳ್ಳುತ್ತವೆ, ಪಾತ್ರೆಯೂ ಸಮ ಕೂರೋದಿಲ್ಲ.

ತೂಕ ಎಷ್ಟಾಗುತ್ತೆ ಅಂತ ಮೊದಲೇ ಲೆಕ್ಕ ಹಾಕಬಹುದು. ಸರಳಿನ ದಪ್ಪವನ್ನು ಎಂಎಂನಲ್ಲಿ ತಗೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿ. ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತೆ. 10 ಎಂಎಂಗೆ ಸುಮಾರು 617 ಗ್ರಾಂ, 12ಕ್ಕೆ ಸುಮಾರು 890 ಗ್ರಾಂ. ಒಲೆ ಪೂರ್ತಿ ಮುಗಿದಾಗ ಒಂದೂವರೆ ಕೆಜಿಗೆ ಸ್ವಲ್ಪ ಕಡಿಮೆ. ಬೆನ್ನಿಗೆ ಹೊರುವವರು ಈ ಲೆಕ್ಕ ಮಾಡಲೇಬೇಕು. ಗಟ್ಟಿ ಇರಲಿ ಅಂತ 16 ಎಂಎಂ ಸರಳು ಹಾಕಿದವರು ಆಮೇಲೆ ಒಲೆಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದನ್ನು ನೋಡಿದ್ದೇನೆ.

ಪೈಪಿನ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೆಳ್ಳಗೆ ಹೊಳೆಯುವ ಜಿಐ ಪೈಪು ಬೇಡವೇ ಬೇಡ. ಅದರ ಮೇಲಿರೋದು ಸತುವಿನ ಲೇಪ. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತೆ. ಕಬ್ಬಿಣ ಕರಗಲು ಬೇಕಾಗುವುದು ಸುಮಾರು 1500 ಡಿಗ್ರಿ. ಅಂದರೆ ಕಬ್ಬಿಣ ಕರಗುವ ಮೊದಲೇ ಸತು ಬಿಳಿ ಹೊಗೆಯಾಗಿ ನಿಮ್ಮ ಮೂಗಿಗೆ ಬಂದಿರುತ್ತೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಇಡೀ ದಿನ ಜಿಐ ಪೈಪಿನ ಗೇಟು ಮಾಡಿದೆ. ಸಂಜೆ ಬಾಯಲ್ಲಿ ಏನೋ ಸಿಹಿ ರುಚಿ. ರಾತ್ರಿ ಹತ್ತಕ್ಕೆ ಗಡಗಡ ನಡುಕ, ಜ್ವರ, ಮೈಯೆಲ್ಲ ನೋವು. ಮಲೇರಿಯಾ ಅಂದುಕೊಂಡು ರಕ್ತ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ಮರುದಿನ ಹಳೆಯ ಮೇಸ್ತ್ರಿ ಒಬ್ಬರು ನನ್ನ ಮುಖ ನೋಡಿದವರೇ, 'ಜಿಐ ಸುಟ್ಯಾ?' ಅಂತ ಕೇಳಿದರು. ಹಾಲು ಕುಡಿದು ಕೆಲಸ ಮಾಡಿದರೆ ಏನೂ ಆಗಲ್ಲ ಅಂತ ಇವತ್ತಿಗೂ ಹೇಳುವವರಿದ್ದಾರೆ. ಹಾಲು ಹೊಟ್ಟೆಗೆ ಹೋಗುತ್ತೆ, ಹೊಗೆ ಶ್ವಾಸಕೋಶಕ್ಕೆ ಹೋಗುತ್ತೆ. ಕಪ್ಪು ಪೈಪು ಕೇಳಿ, ಗಾಳಿ ಆಡುವ ಕಡೆ ಕೂತು ಕೆಲಸ ಮಾಡಿ.

ಬೆಸುಗೆಗೆ ಕರಗಿಸುವ ವೆಲ್ಡಿಂಗ್ ರಾಡು 2.5 ಎಂಎಂದು, ಇ6013 ನಂಬರಿನದು. ಆ 60 ಅಂದರೆ ಬೆಸುಗೆ ಚದರ ಇಂಚಿಗೆ 60,000 ಪೌಂಡ್ ಎಳೆತ ತಡೆಯುತ್ತೆ ಅಂತ. ನಮ್ಮ ಒಲೆಗೆ ಧಾರಾಳವಾಯಿತು. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟರೆ ರಾಡಿನ ಲೇಪ ಹಪ್ಪಳದ ಹಾಗೆ ತೇವ ಹೀರುತ್ತೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅಲ್ಲಿಯ ಹುಡುಗರು ಇದನ್ನು ನನಗಿಂತ ಚೆನ್ನಾಗಿ ಬಲ್ಲರು. ತೇವದ ರಾಡು ಚಟಚಟ ಸಿಡಿಯುತ್ತೆ, ಬೆಸುಗೆಯಲ್ಲಿ ತೂತು ಬೀಳುತ್ತೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ತೇವ ಆಗಿದ್ದರೆ 100 ಡಿಗ್ರಿ ಹತ್ತಿರದ ಶಾಖದಲ್ಲಿ ಒಂದು ಗಂಟೆ ಒಣಗಿಸಿ. ಹಳ್ಳಿ ಮನೆಯಾದರೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟುಬಿಡಿ.

ರಾಡಿನ ಹೋಲ್ಡರ್ ಹಿಡಿಯುವ ಮೊದಲು

ಹತ್ತಿಬಟ್ಟೆಯ ಪೂರ್ತಿ ತೋಳಿನ ಅಂಗಿ. ಪಾಲಿಯೆಸ್ಟರ್ ಜೆರ್ಸಿ ಬಟ್ಟೆ ಕಿಡಿ ಬಿದ್ದರೆ ಕರಗಿ ಚರ್ಮಕ್ಕೇ ಅಂಟುತ್ತೆ. ಚರ್ಮದ ಶೂ, ಪ್ಯಾಂಟು ಶೂ ಮೇಲೆ ಇಳಿದಿರಬೇಕು. ಒಣ ಚರ್ಮದ ಗ್ಲೌಸು. ಮುಖಕ್ಕೆ ಹಿಡಿಯುವ ಶೀಲ್ಡಿನಲ್ಲಿ 10 ಇಲ್ಲವೇ 11ನೇ ನಂಬರಿನ ಕಪ್ಪು ಗಾಜು. ಬರಿಗಣ್ಣಲ್ಲಿ ನೋಡಿದವರಿಗೆ ಆಗಲೇ ಏನೂ ಗೊತ್ತಾಗಲ್ಲ. ಮಧ್ಯರಾತ್ರಿ ಹೊತ್ತಿಗೆ ಕಣ್ಣಲ್ಲಿ ಮರಳು ಸುರಿದ ಹಾಗೆ ಶುರುವಾಗುತ್ತೆ. ಹಾಗಾದರೆ ಕಣ್ಣು ಉಜ್ಜಬೇಡಿ, ಮನೆಮದ್ದು ಹಾಕಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಪಕ್ಕದಲ್ಲಿ ಮಕ್ಕಳು ಬಂದು ನಿಂತು ನೋಡುತ್ತಾರಲ್ವಾ, ಅವರನ್ನು ಮೊದಲು ಒಳಗೆ ಕಳಿಸಿ.

ನೆಲ ಒದ್ದೆ ಇದ್ದರೆ ಕೆಲಸ ಮುಂದಕ್ಕೆ ಹಾಕಿ. ನಾನಂತೂ ಒಣ ನೆಲದ ಮೇಲೂ ಮರದ ಹಲಗೆ ಹಾಕಿಕೊಂಡೇ ನಿಲ್ಲುತ್ತೇನೆ. ಗುಜರಿಯಿಂದ ತಂದ ಪೆಟ್ರೋಲು, ಥಿನ್ನರ್ ತುಂಬಿದ್ದ ಡ್ರಮ್ಮಿನ ಮೇಲೆ ಯಾವತ್ತೂ ವೆಲ್ಡಿಂಗ್ ಮಾಡಬೇಡಿ, ಕಟಿಂಗ್ ವೀಲೂ ಹಚ್ಚಬೇಡಿ. ಖಾಲಿ ಕಂಡರೂ ಒಳಗಿನ ಆವಿ ಸಾಕು ಡ್ರಮ್ಮು ಸಿಡಿಯೋಕೆ.

ಹೊಂಡ ನೋಡೋದು

ಇದೊಂದು ಬಂದರೆ ವೆಲ್ಡಿಂಗ್ ಬಂದ ಹಾಗೆ. ಮಷೀನು 70ರಿಂದ 80 ಆಂಪಿಗೆ ಇಡಿ. ಮಷೀನಿನ ಇನ್ನೊಂದು ತಂತಿಯ ಅರ್ಥ್ ಕ್ಲಾಂಪನ್ನು ಕಬ್ಬಿಣದ ತುಕ್ಕು ತೆಗೆದ ಜಾಗಕ್ಕೆ ಕಚ್ಚಿಸಿ. ಬೆಂಕಿಕಡ್ಡಿ ಗೀರಿದ ಹಾಗೆ ರಾಡಿನ ತುದಿಯನ್ನು ಗೀರಿ, ತಕ್ಷಣ ಸ್ವಲ್ಪವೇ ಮೇಲೆತ್ತಿ. ಅಂಟಿಕೊಂಡರೆ ಗಾಬರಿ ಬೇಡ, ಮಣಿಕಟ್ಟು ತಿರುಚಿ ಬಿಡಿಸಿ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ರಾಡಿನ ದಪ್ಪದಷ್ಟೇ ಸಂದು ಇರಲಿ. ಸರಿ ಇದ್ದಾಗ ಕಾದ ಎಣ್ಣೆಯಲ್ಲಿ ಈರುಳ್ಳಿ ಹುರಿಯುವ ಸದ್ದು ಒಂದೇ ಸಮ ಬರುತ್ತೆ. ದೂರ ಆದರೆ ಸದ್ದು ಹರಿದುಹೋಗುತ್ತೆ, ಕಿಡಿ ಜಾಸ್ತಿ ಹಾರುತ್ತೆ.

ಹೊಸಬರೆಲ್ಲ ಮಾಡುವ ತಪ್ಪು ಒಂದೇ. ಬೆಳಕನ್ನು ನೋಡುತ್ತಾರೆ. ಬೆಳಕಿನಲ್ಲಿ ನೋಡೋಕೆ ಏನೂ ಇಲ್ಲ. ಅದರ ಹಿಂದೆ, ರಾಡಿನ ಬುಡದಲ್ಲಿ, ಕರಗಿದ ಕಬ್ಬಿಣದ ಪುಟ್ಟ ಹೊಂಡ ಇರುತ್ತೆ. ಅದು ಹರಡುತ್ತಾ ಎರಡೂ ತುಂಡುಗಳ ಅಂಚನ್ನು ನೆಕ್ಕುತ್ತಾ ಬರಬೇಕು. ಒಂದೇ ತುಂಡನ್ನು ನೆಕ್ಕಿದರೆ ಬೆಸುಗೆ ಆಗಿಲ್ಲ, ಮೇಲೆ ಮೆತ್ತಿದೆ ಅಷ್ಟೇ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗನಿಗೆ ಎರಡು ತಿಂಗಳಾದರೂ ಇದು ಬಂದಿರಲಿಲ್ಲ. ಬೀಡು, ಅಂದರೆ ಬೆಸುಗೆಯ ಗೆರೆ, ಹಾವು ಹರಿದ ಹಾಗೆ ಹೋಗುತ್ತಿತ್ತು. ಆ ಸಲ ಗುಡ್ಡದ ದಾರಿಯಲ್ಲಿ ಒಂದು ಹಳ್ಳ ದಾಟಬೇಕಿತ್ತು. ಮೊಣಕಾಲುದ್ದ ನೀರು, ಆದರೆ ಸೆಳೆತ ಇತ್ತು. ಅವನು ನಡುವೆ ನಿಂತುಬಿಟ್ಟ. 'ಸಾರ್, ನೀರು ನನ್ನನ್ನೇ ಎಳ್ಕೊಂಡು ಹೋಗ್ತಿದೆ ಅನ್ಸ್ತಿದೆ' ಅಂದ. 'ನೀರು ನೋಡ್ಬೇಡ ಕಣೋ. ನೀರು ಓಡ್ತಾನೇ ಇರುತ್ತೆ. ಮುಂದಿನ ಕಲ್ಲು ನೋಡು, ಅಲ್ಲಿ ಕಾಲಿಡು' ಅಂದೆ. ಒಂದೊಂದೇ ಕಲ್ಲು ನೋಡುತ್ತಾ ದಾಟಿದ. ಸೋಮವಾರ ವರ್ಕ್‌ಶಾಪಿನಲ್ಲಿ ಅವನ ಬೂತಿನ ಪಕ್ಕ ನಿಂತು, 'ಈ ಬೆಳಕೇ ಆವತ್ತಿನ ನೀರು, ಹೊಂಡವೇ ಕಲ್ಲು' ಅಂದೆ. ನಾಲ್ಕನೇ ರಾಡಿಗೆ ಶೀಲ್ಡ್ ಒಳಗಿಂದಲೇ ಕೂಗಿದ: 'ಸಾರ್, ಕಲ್ಲು ಕಾಣ್ತು!' ಆಮೇಲೆ ಅವನ ಬೀಡು ನೆಟ್ಟಗಾಯಿತು. ಈಗ ನಾನು ಎಲ್ಲ ಬ್ಯಾಚಿಗೂ ಹೀಗೇ ಹೇಳಿಕೊಡೋದು.

ಒಲೆಗೆ ಕೈ ಹಾಕುವ ಮೊದಲು ಹಳೆಯ ಪಟ್ಟಿ ತುಂಡುಗಳ ಮೇಲೆ ಒಂದು ಪ್ಯಾಕೆಟ್ ರಾಡು ಖಾಲಿ ಮಾಡಿ. ಎರಡು ತುಂಡು ಜೋಡಿಸಿ, ತಣ್ಣಗಾದ ಮೇಲೆ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಡಿದು ಬಗ್ಗಿಸಿ. ಬಿಟ್ಟುಕೊಂಡರೆ ಒಳಗೆ ನೋಡಿ. ಅಲ್ಲಿ ರಾಡಿನ ಲೇಪ ಕರಗಿ ಗಟ್ಟಿಯಾದ ಕಪ್ಪು ಕಿಟ್ಟ ಸಿಕ್ಕಿಕೊಂಡಿರುತ್ತೆ, ಇಲ್ಲವೇ ಒಂದು ತುಂಡಿನ ಅಂಚು ಕರಗದೇ ಹಾಗೇ ಇರುತ್ತೆ. ಎಲ್ಲಿ ತಪ್ಪಿದಿರಿ ಅಂತ ಆ ತುಂಡೇ ಹೇಳುತ್ತೆ.

ಬಳೆ

10 ಎಂಎಂ ಸರಳಿನಿಂದ 90 ಸೆಂ.ಮೀ. ಕತ್ತರಿಸಿ. ಬಳೆಗೆ ಬೇಕಾದ್ದು 63 ಸೆಂ.ಮೀ. ಮಾತ್ರ, ಅಡ್ಡಳತೆ 20 ಸೆಂ.ಮೀ. ಬರಲು ಅಷ್ಟು ಸಾಕು. ಉಳಿದದ್ದು ಹಿಡಿತಕ್ಕೆ. ಸರಳಿನ ಕೊನೆಯ ಒಂದು ಗೇಣು ಎಷ್ಟು ಬಡಿದರೂ ಬಾಗೋದಿಲ್ಲ, ಅದಕ್ಕೇ ಉದ್ದ ಇಟ್ಟು ಆಮೇಲೆ ಕತ್ತರಿಸೋದು. ಆರಿಂಚಿನ ಪೈಪಿನ ತುಂಡೊಂದನ್ನು ಗಟ್ಟಿಯಾಗಿ ಹಿಡಿಸಿ, ಸರಳಿನ ಒಂದು ತುದಿಯನ್ನು ಅದಕ್ಕೆ ಕ್ಲಾಂಪ್ ಮಾಡಿ, ಇನ್ನೊಂದು ತುದಿಗೆ ಉದ್ದದ ಪೈಪು ತೂರಿಸಿ ನಿಧಾನವಾಗಿ ಸುತ್ತಿ. ಬಿಟ್ಟ ಕೂಡಲೇ ಸರಳು ಸ್ವಲ್ಪ ಬಿಚ್ಚಿಕೊಳ್ಳುತ್ತೆ. ಆರಿಂಚಿನ ಪೈಪಿಗೆ ಸುತ್ತಿದ್ದು 20 ಸೆಂ.ಮೀ. ಹತ್ತಿರ ಬರೋದು ಹಾಗೆ. ಒಂದರ ಮೇಲೊಂದು ಬಂದ ತುದಿಗಳನ್ನು ಒಟ್ಟಿಗೇ ಕತ್ತರಿಸಿ, ನೆಲದ ಮೇಲೆ ಸಮ ಮಾಡಿ, ಸೇರುವ ಕಡೆ ಎರಡೂ ತುದಿಯನ್ನು ಗ್ರೈಂಡರಿನಲ್ಲಿ ಓರೆ ಮಾಡಿ, ಸುತ್ತಲೂ ವೆಲ್ಡ್ ಮಾಡಿ. ಪಾತ್ರೆ ಕೂರುವ ಮೇಲ್ಮುಖವನ್ನು ತೀಡಿ ಸಮ ಮಾಡಿ.

ಗುರುತು ಹಾಕೋಕೆ ಕೋನಮಾಪಕ ಬೇಡ. ಸ್ಕೂಲಿನ ಕೈವಾರದ ಲೆಕ್ಕ ನೆನಪಿದೆಯಲ್ವಾ? ಒಂದು ಹಲಗೆ ಮೇಲೆ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಕೈವಾರವನ್ನು ಅಷ್ಟೇ ಅಗಲ ಇಟ್ಟುಕೊಂಡು ವೃತ್ತದ ಮೇಲೆ ಹೆಜ್ಜೆ ಹಾಕುತ್ತಾ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಹೊರಟಲ್ಲಿಗೇ ಬರುತ್ತೀರಿ. ಆರು ಗುರುತು ಸಿಕ್ಕವು. ಒಂದು ಬಿಟ್ಟು ಒಂದು ಕಾಲಿಗೆ, ನಡುವಿನವು ನಾಲಿಗೆಗೆ. ಬಳೆಯನ್ನು ಅದರ ಮೇಲಿಟ್ಟು ಸೀಮೆಸುಣ್ಣದಿಂದ ಗುರುತು ಎತ್ತಿಕೊಳ್ಳಿ.

ನಾಲಿಗೆ, ಕೊಳವೆ, ಕಾಲು

ಮೂರು ನಾಲಿಗೆಗೆ ತಲಾ 6 ಸೆಂ.ಮೀ. ಬಳೆಯನ್ನು ತಲೆಕೆಳಗಾಗಿ ಸಮ ಇರುವ ಕಬ್ಬಿಣದ ತಗಡಿನ ಮೇಲೆ ಇಡಿ. ನಾಲಿಗೆಗಳನ್ನೂ ಅದೇ ತಗಡಿನ ಮೇಲೆ ಮಲಗಿಸಿ, ಬಳೆಗೆ ತಾಗಿಸಿ ಟ್ಯಾಕ್, ಅಂದರೆ ಚುಕ್ಕೆಯಷ್ಟು ಬೆಸುಗೆ, ಹೊಡೆಯಿರಿ. ಎರಡೂ ಒಂದೇ ದಪ್ಪದ ಸರಳು, ಹಾಗಾಗಿ ತಗಡಿಗೆ ತಾಗಿದ ಮೇಲ್ಮುಖ ಎಲ್ಲವೂ ಒಂದೇ ಮಟ್ಟದಲ್ಲಿ ಬರುತ್ತೆ. ಮಟ್ಟದ ಕೋಲು ಹಿಡಿಯುವ ಕೆಲಸವೇ ಇಲ್ಲ. ನಾಲಿಗೆಯ ಒಳತುದಿಯನ್ನು ಉಜ್ಜಿ ದುಂಡಗೆ ಮಾಡಿ, ಇಲ್ಲದಿದ್ದರೆ ಪಾತ್ರೆಯ ತಳ ಗೀರುತ್ತೆ.

ಕೊಳವೆಗೆ ಪೈಪನ್ನು 4 ಸೆಂ.ಮೀ.ನ ಮೂರು ತುಂಡು ಮಾಡಿ. ಪ್ರತಿ ತುಂಡಿನ ಒಂದು ಬಾಯಿಯಲ್ಲಿ ಅರೆದುಂಡು ಅರದಿಂದ ಎದುರುಬದುರು ಎರಡು ಕಚ್ಚು ಉಜ್ಜಿ, ಬಳೆಯ ಸರಳು ಅದರಲ್ಲಿ ಕೂರುವಷ್ಟು. ಬರೀ ಚಪ್ಪಟೆ ಬಾಯಿ ಇಟ್ಟರೆ ದುಂಡು ಸರಳಿಗೆ ಎರಡು ಚುಕ್ಕೆಯಷ್ಟೇ ತಾಗುತ್ತೆ, ಬೆಸುಗೆಗೆ ಹಿಡಿತ ಸಿಗಲ್ಲ. ಬಳೆ ಇನ್ನೂ ತಲೆಕೆಳಗಾಗೇ ಇರಲಿ. ಕೊಳವೆಯನ್ನು ಗುರುತಿನ ಮೇಲೆ ನಿಲ್ಲಿಸಿ, ಸ್ವಲ್ಪ ಹೊರಕ್ಕೆ ವಾಲಿಸಿ, ಒಂದೊಂದು ಟ್ಯಾಕ್ ಮಾತ್ರ ಹಾಕಿ.

ಈಗ 12 ಎಂಎಂ ಸರಳನ್ನು 22 ಸೆಂ.ಮೀ.ನ ನಾಲ್ಕು ತುಂಡು ಮಾಡಿ. ಹೌದು, ನಾಲ್ಕು. ಮೂರನ್ನು ಕೊಳವೆಗೆ ಇಳಿಸಿ. ಪೈಪಿನ ಒಳಗೆ ಸರಳು ಸ್ವಲ್ಪ ಆಡುತ್ತೆ, ಅದು ಹಾಗೇ ಇರಬೇಕು. ನೆಲದ ಮೇಲೆ ನಿಂತಾಗ ಪಾತ್ರೆಯ ಭಾರಕ್ಕೆ ಕಾಲು ಹೊರಕ್ಕೆ ಚಾಚಿ ತಾನೇ ಬಿಗಿಯಾಗುತ್ತೆ, ತುದಿ ಬಳೆಯ ಸರಳಿಗೆ ಆತು ನಿಲ್ಲುತ್ತೆ. ಕಾಲುಗಳನ್ನು ಹೊರಕ್ಕೆ ಒತ್ತಿ ಹಿಡಿದು, ಪಾದದಿಂದ ಪಾದಕ್ಕೆ ಟೇಪು ಹಿಡಿಯಿರಿ. ಮೂರೂ ಅಳತೆ 24 ಸೆಂ.ಮೀ. ಹತ್ತಿರ ಇರಬೇಕು. 24ಕ್ಕಿಂತ ಒಂದೆರಡು ಹೆಚ್ಚು ಕಡಿಮೆ ಆದರೆ ತೊಂದರೆ ಇಲ್ಲ, ಆದರೆ ಮೂರೂ ಒಂದಕ್ಕೊಂದು ಸಮ ಇರಬೇಕು. ಇಲ್ಲದಿದ್ದರೆ ಸುತ್ತಿಗೆಯಲ್ಲಿ ಕೊಳವೆಯನ್ನು ಮೆಲ್ಲಗೆ ತಟ್ಟಿ ಸರಿಮಾಡಿ. ಟ್ಯಾಕ್ ಮಾತ್ರ ಇರುವಾಗ ಕಬ್ಬಿಣ ಮಾತು ಕೇಳುತ್ತೆ.

ಅಳತೆ ಸರಿಯಾದ ಮೇಲೆ ಕಾಲು ತೆಗೆದು, ಕೊಳವೆ, ನಾಲಿಗೆ ಎಲ್ಲವನ್ನೂ ಪೂರ್ತಿ ವೆಲ್ಡ್ ಮಾಡಿ. ಒಂದೇ ಕೊಳವೆಯನ್ನು ಸುತ್ತಿ ಮುಗಿಸಿಬಿಡೋಣ ಅನ್ನಿಸುತ್ತೆ, ಹಾಗೆ ಮಾಡಬೇಡಿ. ಬೆಸುಗೆ ತಣ್ಣಗಾಗುವಾಗ ಕುಗ್ಗಿ ತನ್ನ ಕಡೆಗೆ ಎಳೆಯುತ್ತೆ. ಒಂದನೇ ಕೊಳವೆಗೆ ಒಂದು ಬದಿ, ಎರಡನೆಯದಕ್ಕೆ ಒಂದು ಬದಿ, ಮೂರನೆಯದಕ್ಕೆ ಒಂದು, ಮತ್ತೆ ಮೊದಲನೆಯದರ ಇನ್ನೊಂದು ಬದಿ. ಹೀಗೆ ಸುತ್ತುತ್ತಾ ಬನ್ನಿ. ಪ್ರತಿ ಸಲ ಕಿಟ್ಟವನ್ನು ಚಿಪ್ಪಿಂಗ್ ಸುತ್ತಿಗೆಯಿಂದ ಕುಟ್ಟಿ, ಬ್ರಷ್ ಹಾಕಿ. ಆಗ ಕಣ್ಣಿಗೆ ಬಿಳಿ ಕನ್ನಡಕ ಇರಲೇಬೇಕು. ಬಿಸಿ ಕಿಟ್ಟ ನೇರ ಮುಖಕ್ಕೇ ಹಾರುತ್ತೆ.

ನೀರು ಸುರಿದು ತಣಿಸಬೇಡಿ. ತಾನಾಗಿ ಆರಲಿ. ಕೆಂಪು ಹೋಗಿ ಕಪ್ಪಾದ ಕಬ್ಬಿಣವೂ ಕೈ ಸುಡುವಷ್ಟು ಬಿಸಿ ಇರುತ್ತೆ. ನಮ್ಮ ವರ್ಕ್‌ಶಾಪಿನಲ್ಲಿ ಅಂಥದ್ದರ ಪಕ್ಕ ಸೀಮೆಸುಣ್ಣದಲ್ಲಿ 'ಬಿಸಿ' ಅಂತ ಬರೆದೇ ಆಚೆ ಹೋಗಬೇಕು.

ಪರೀಕ್ಷೆ, ಆಮೇಲೆ ಎಣ್ಣೆ

ಒಲೆ ನಿಲ್ಲಿಸಿ, ಮೇಲೆ ತುಂಬಿದ ಕೊಡ ಇಡಿ. ಅಲುಗಾಡಿಸಿ. ಆಮೇಲೆ ಬಳೆಯನ್ನು ಮಾತ್ರ ಸೊಂಟದ ಎತ್ತರದಿಂದ ಸಿಮೆಂಟು ನೆಲಕ್ಕೆ ಎರಡು ಸಲ ಬೀಳಿಸಿ. ಬಿರುಕು ಬಿಡುವುದಿದ್ದರೆ ಮನೆಯಂಗಳದಲ್ಲೇ ಬಿಡಲಿ, ಕುದಿಯುವ ಸಾರಿನ ಕೆಳಗೆ ಬೇಡ.

ಪೇಂಟ್ ಹೊಡೆಯಬೇಡಿ. ಮೊದಲ ಬೆಂಕಿಗೇ ಸುಟ್ಟು ಕೆಟ್ಟ ಹೊಗೆ ಕೊಡುತ್ತೆ. ಹೊಸ ದೋಸೆ ಕಾವಲಿ ಪಳಗಿಸುವ ಹಾಗೆ ಪಳಗಿಸಿ. ತೊಳೆದು ಒಣಗಿಸಿ, ಬಿಸಿ ಮಾಡಿ, ತೆಂಗಿನೆಣ್ಣೆಯೋ ಕಡಲೆಕಾಯಿ ಎಣ್ಣೆಯೋ ಬಟ್ಟೆಯಲ್ಲಿ ತೆಳುವಾಗಿ ಸವರಿ, ಹೊಗೆ ಬರುವವರೆಗೆ ಕಾಯಿಸಿ. ಎರಡು ಮೂರು ಸಲ ಮಾಡಿದರೆ ಕಪ್ಪು ಮಿರುಗು ಬರುತ್ತೆ. ಪ್ರತಿ ಮಳೆಗಾಲದ ಮುಂಚೆ ಇನ್ನೊಂದು ಸಲ ಸವರಿ.

ಎಲ್ಲಿ ಹಚ್ಚಬೇಕು

ಕಾಡಿನೊಳಗೆ ಹಚ್ಚಬೇಡಿ. ಮೀಸಲು ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗಳ ಪ್ರಕಾರ ಅಪರಾಧ. ಕಾಯ್ದೆ ಇರಲಿ ಬಿಡಲಿ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನಮ್ಮ ಗುಡ್ಡಗಳ ಹುಲ್ಲು ಬೆಂಕಿಕಡ್ಡಿಯಷ್ಟೇ ಒಣಗಿರುತ್ತೆ. ಒಂದು ವರ್ಷ ಗುಡ್ಡದ ಬೆಂಕಿ ಆರಿಸಲು ಹಸಿ ಸೊಪ್ಪು ಹಿಡಿದು ಹೋದವರಲ್ಲಿ ನಾನೂ ಇದ್ದೆ. ಸುಟ್ಟ ಹುಲ್ಲಿನ ನಡುವೆ ಗೂಡು ಸಮೇತ ಕಪ್ಪಾಗಿದ್ದ ಮೊಟ್ಟೆಗಳನ್ನು ನೋಡಿದೆ. ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಾವು ಕೊಡಚಾದ್ರಿಗೆ ಹೋದಾಗ ಕೆಳಗಿನ ಊರಿನಲ್ಲಿ ಉಳಿಯುವ ಮನೆಯವರನ್ನು ಕೇಳಿ ಅವರ ಅಂಗಳದಲ್ಲೇ ಒಲೆ ಹಚ್ಚುತ್ತೇವೆ. ಮೇಲೆ ಹೋಗುವಾಗ ಕಟ್ಟಿಕೊಂಡ ಬುತ್ತಿ. ನಿಮ್ಮದೇ ತೋಟ, ಗದ್ದೆ, ಮನೆಯ ಹಿತ್ತಲು, ಅನುಮತಿ ಇರುವ ಕ್ಯಾಂಪ್ ಜಾಗ, ಇವೇ ಈ ಒಲೆಯ ಜಾಗ. ಸುತ್ತ ಎರಡು ಮಾರು ತರಗೆಲೆ ಗುಡಿಸಿ, ಒಲೆಯ ಕೆಳಗೆ ಹಳೆಯ ತಗಡಿನ ತುಂಡು ಹಾಕಿ. ಒಂದು ಕೊಡ ನೀರು ಪಕ್ಕಕ್ಕಿಟ್ಟೇ ಕಡ್ಡಿ ಗೀರಿ.

ಉರುವಲಿಗೆ ತೆಂಗಿನ ಕರಟಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಡಿಮೆ ಹೊಗೆ, ಜಾಸ್ತಿ ಕಾವು. ಹೊತ್ತಿಸೋಕೆ ಒಣ ಅಡಿಕೆ ಹಾಳೆಯ ಚೂರು. ಮಳೆಗಾಲದಲ್ಲಿ ಸೌದೆ ಹೊರಗೆ ಒದ್ದೆ ಇದ್ದರೂ ಸೀಳಿದರೆ ಒಳಗೆ ಒಣಗಿರುತ್ತೆ, ಆ ಒಳಭಾಗದಿಂದ ಶುರುಮಾಡಿ.

ಮುಗಿದ ಮೇಲೆ ಕೆಂಡಕ್ಕೆ ನೀರು ಹಾಕಿ, ಕೋಲಿನಿಂದ ಕಲಕಿ, ಮತ್ತೆ ನೀರು ಹಾಕಿ. ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡಿ. ಬಿಸಿ ತಾಗಬಾರದು. ಒಲೆ ಆರಿದ ಮೇಲೆ ಕಾಲು ಕಿತ್ತು, ಮಸಿ ಒರೆಸಿ, ಗೋಣಿಚೀಲಕ್ಕೆ ಹಾಕಿ. ಹಾಕುವಾಗ ಗಟ್ಟಿಯಾಗಿ ಎಣಿಸಿ: ಬಳೆ ಒಂದು, ತಗಡು ಒಂದು, ಕಾಲು ನಾಲ್ಕು. ಕಪ್ಪು ಕಾಲು ತರಗೆಲೆಯೊಳಗೆ ಬಿದ್ದರೆ ಹುಡುಕೋದು ಕಷ್ಟ. ನಾಲ್ಕನೆಯದನ್ನು ಮಾಡಿದ್ದು ಅದಕ್ಕೇ.